ತಾಡಪತ್ರಿ ಕೆಳಗಿನ ಫಿಯೆಟ್ಟನ್ನು ಗುಜರಿಗೆ ಹಾಕುವ ಮುನ್ನ

ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ವಿಜಯಪುರದ ಬಸ್ಸು ಹತ್ತುವ ಹುಡುಗರಿಗೆ ಈ ಮಾತು. ಹುಡುಗಿಯರಿಗೂ. ಇಂಡಿಯವರಿದ್ದೀರಿ, ಸಿಂದಗಿಯವರಿದ್ದೀರಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿದ್ದೀರಿ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಯಾವುದೋ ದೇಶದ ಬ್ಯಾಂಕಿನ ಲೆಕ್ಕ ಸರಿಮಾಡುತ್ತೀರಿ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗುತ್ತೀರಿ. ಹೋದಾಗ ಹಿತ್ತಲಲ್ಲಿ, ಕಣಿಕೆಯ ಬಣವೆಯ ಮಗ್ಗುಲಲ್ಲಿ, ತಾಡಪತ್ರಿ ಹೊದ್ದು ನಿಂತದ್ದನ್ನು ನೋಡಿದ್ದೀರಾ? ನೋಡಿರುತ್ತೀರಿ. ಅದರ ನೆತ್ತಿಯ ಮೇಲೆ ಮೆಣಸಿನಕಾಯಿ ಒಣಹಾಕಿರುತ್ತಾರೆ. ಒಡೆದ ಕಿಟಕಿಯಿಂದ ಕೋಳಿ ಒಳಗೆ ಹೋಗಿ ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡುತ್ತದೆ. ಅದು ನಿಮ್ಮ ಅಜ್ಜನ ಫಿಯೆಟ್ಟು.

ಗುಜರಿಯವನು ಬಂದು ಹೋಗಿದ್ದಾನೆ. ಕೆ.ಜಿ. ಲೆಕ್ಕದಲ್ಲಿ ಕೇಳಿದ್ದಾನೆ. ಅಪ್ಪ ಫೋನು ಮಾಡಿ "ಏನ್ ಮಾಡೂಣೋ, ಜಾಗಾನರ ಖಾಲಿ ಆಕ್ಕೈತಿ" ಅಂದಿದ್ದಾರೆ. ನೀವು "ಕೊಟ್ಟಬಿಡ್ರಿ ಅಪ್ಪಾ" ಅಂದಿದ್ದೀರಿ. ಅರ್ಧ ನಿಮಿಷದ ಮಾತು. ಸ್ವಾಮಿ, ಸ್ವಲ್ಪ ತಡೆಯಿರಿ. ಮೊಬೈಲಿನ ಗಾಜು ಒಡೆದರೆ ಇದಕ್ಕಿಂತ ಹೆಚ್ಚು ಹೊತ್ತು ಯೋಚನೆ ಮಾಡುತ್ತೀರಿ!

ನಾನು ಹೇಳುವುದು ಇಷ್ಟು. ಅದನ್ನು ಮಾರಬೇಡಿ. ಲಾರಿಗೆ ಹೇರಿ ಬೆಂಗಳೂರಿನ ದುಬಾರಿ ಗ್ಯಾರೇಜಿಗೂ ಸಾಗಿಸಬೇಡಿ. ಅಲ್ಲೇ, ಆ ಹಿತ್ತಲಲ್ಲೇ, ನಿಮ್ಮ ಕೈಯಿಂದಲೇ ಬಿಚ್ಚಿ. ಊರಿನ ಮುದಿ ಮಿಸ್ತ್ರಿಯನ್ನು ಮಗ್ಗುಲಲ್ಲಿ ಕೂಡಿಸಿಕೊಂಡು ಬಿಚ್ಚಿ. ಈಗಲೇ ಬಿಚ್ಚಿ. ಕಾರು ಇನ್ನೂ ಹತ್ತು ವರ್ಷ ಕಾಯುತ್ತದೆ. ಮಿಸ್ತ್ರಿ ಕಾಯುವುದಿಲ್ಲ.

ಇವನ್ಯಾರು ಹೇಳಲಿಕ್ಕೆ ಎಂದು ಕೇಳುತ್ತೀರಾ? ನಾನು ಮೆಕ್ಯಾನಿಕ್ ಅಲ್ಲ. ಪಾನಾ ಕೈಗೆ ಹಿಡಿದದ್ದೇ ನಲವತ್ತು ದಾಟಿದ ಮೇಲೆ. ಸಿಂದಗಿ ತಾಲ್ಲೂಕಿನಲ್ಲಿ ನನ್ನ ಸೋದರಮಾವನ ಪ್ರೀಮಿಯರ್ ಪದ್ಮಿನಿ ಹನ್ನೆರಡು ವರ್ಷ ಅಲುಗಾಡದೆ ನಿಂತಿತ್ತು. ಎರಡು ದೀಪಾವಳಿ, ಒಂದು ಬೇಸಿಗೆ ಅದರ ಕೆಳಗೆ ಮಲಗಿ ಎದ್ದೆ. ಈಗ ಅದು ಓಡುತ್ತದೆ. ಎಡಗಡೆಯ ಬಾಗಿಲನ್ನು ಇವತ್ತಿಗೂ ಎತ್ತಿ ಬಡಿಯಬೇಕು, ಎರಡನೇ ಗೇರಿಗೆ ಬೈದರೇ ಬೀಳುವುದು. ಆದರೂ ಓಡುತ್ತದೆ.

ಈ ಕಾರಿನ ವಂಶಾವಳಿ ನಿಮಗೆ ಗೊತ್ತಿರಬೇಕು. ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ ವಾಲ್‌ಚಂದ್ ಹೀರಾಚಂದರನ್ನು ಎಲ್ಲರೂ ಮುಂಬೈಯವರೆಂದೇ ತಿಳಿದಿದ್ದಾರೆ. ಅವರು ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದಲ್ಲಿ. ಇಂಡಿಯವರು ಬಟ್ಟೆಗೆ, ಆಸ್ಪತ್ರೆಗೆ ಹೋಗಿಬರುವ ಅದೇ ಸೊಲ್ಲಾಪುರ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಈ ದೇಶದಲ್ಲಿ ಕಾರು ತಯಾರಾಗಬೇಕೆಂದು ಯೂರೋಪು, ಅಮೆರಿಕ ಸುತ್ತಿ ಯೋಜನೆ ಸಿದ್ಧಮಾಡಿದ್ದರು. ವಾಲ್‌ಚಂದ್ ಅದಕ್ಕೆ ಹೆಗಲು ಕೊಟ್ಟರು. ಬೆಂಗಳೂರಿನಲ್ಲಿ ಕಾರ್ಖಾನೆ ಹಾಕುವ ಮಾತೂ ನಡೆಯಿತು. ಬ್ರಿಟಿಷ್ ಸರ್ಕಾರಕ್ಕೆ ಬೇಕಿರಲಿಲ್ಲ, ಕೆಲಸ ಕೂಡಿಬರಲಿಲ್ಲ. 1940ರಲ್ಲಿ ಅದೇ ವಾಲ್‌ಚಂದ್ ಮೈಸೂರು ಸರ್ಕಾರದ ಜತೆಗೂಡಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆರೆದರು. ಅದೇ ಇವತ್ತಿನ ಎಚ್‌ಎಎಲ್. ಕಾರಿನ ಕಂಪನಿ ಮಾತ್ರ 1944ರಲ್ಲಿ ಮುಂಬೈಯಲ್ಲಿ ಹುಟ್ಟಿತು. ವಿಮಾನ ನಮಗೆ ಸಿಕ್ಕಿತು, ಕಾರು ಕೈತಪ್ಪಿತು. ಇಲ್ಲದಿದ್ದರೆ ಪದ್ಮಿನಿ ಬೆಂಗಳೂರಿನ ಹೆಣ್ಣುಮಗಳಾಗುತ್ತಿದ್ದಳು.

1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಹೊರಬಂದ ಗಾಡಿ ಇದು. 70ರ ದಶಕದಲ್ಲಿ ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ ಆಯಿತು. ಹೆಸರು ಬದಲಾಯಿತೇ ಹೊರತು ಒಳಗಿನ ಜೀವ ಅದೇ: 1089 ಸಿ.ಸಿ.ಯ ನಾಲ್ಕು ಸಿಲಿಂಡರ್ ಎಂಜಿನ್ನು, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ, ಹಿಂದಿನ ಗಾಲಿಗೆ ಪಾಟಾ. ಹಣ ಕಟ್ಟಿ ವರ್ಷಗಟ್ಟಲೆ ಕಾದು ಜನ ಇದನ್ನು ಮನೆಗೆ ತಂದರು. ತಂದ ದಿನ ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಅರ್ಧ ಊರನ್ನು ಹತ್ತಿಸಿಕೊಂಡು ಸುತ್ತು ಹೊಡೆದರು. ಮುಂಬೈಯಲ್ಲಿ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಯ ಕೊನೆಯ ಗಾಡಿ 2003ರಲ್ಲಿ ನೋಂದಣಿಯಾಗಿತ್ತು. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ಕ್ಕೆ ರಸ್ತೆ ಬಿಟ್ಟಿತು. ಪತ್ರಿಕೆಗಳು ಪುಟಗಟ್ಟಲೆ ಬರೆದವು. ನಮ್ಮ ಹಿತ್ತಲಿನ ಪದ್ಮಿನಿಗಳ ಬಗ್ಗೆ ಯಾರು ಬರೆದರು?

ಇನ್ನು ನಮ್ಮ ನಾಲ್ಕು ತಾಲ್ಲೂಕಿನ ಪುಣ್ಯ ಹೇಳುತ್ತೇನೆ. ಬರದ ಸೀಮೆ ಎಂದು ನಮ್ಮನ್ನು ಎಲ್ಲರೂ ಕನಿಕರದಿಂದ ನೋಡುತ್ತಾರೆ. ಹಳೆ ಕಾರಿನ ಮಟ್ಟಿಗೆ ಆ ಬರವೇ ವರ! ಮಂಗಳೂರಿನ ಉಪ್ಪುಗಾಳಿ, ಮಲೆನಾಡಿನ ಮಳೆಗೆ ಕಾರಿನ ತಗಡು ಹಪ್ಪಳವಾಗುತ್ತದೆ. ಇಂಡಿ-ಸಿಂದಗಿಯ ಒಣ ಬಿಸಿಲಿನಲ್ಲಿ ತಗಡು ಗಟ್ಟಿಯಾಗಿ ಉಳಿಯುತ್ತದೆ. ಸಾಯುವುದು ರಬ್ಬರು. ಟೈರು, ಪೈಪು, ಬಾಗಿಲ ಸುತ್ತಿನ ಪಟ್ಟಿ, ಬ್ರೇಕಿನ ಕಪ್ಪು, ಪೆಟ್ರೋಲ್ ಪಂಪಿನೊಳಗಿನ ಪೊರೆ ಎಲ್ಲ ಸುಟ್ಟ ರೊಟ್ಟಿಯ ಹಾಗೆ ಸಿಡಿಯುತ್ತವೆ. ರಬ್ಬರನ್ನು ಹೊಸದಾಗಿ ತರಬಹುದು. ಜಂಗು ತಿಂದ ತಗಡನ್ನು ಎಲ್ಲಿಂದ ತರುತ್ತೀರಿ? ಫಿಯೆಟ್ಟಿಗೆ ಅಡಿಯಲ್ಲಿ ಬೇರೆ ಚೌಕಟ್ಟು ಇಲ್ಲ. ಒಡಲೇ ಅದರ ಬೆನ್ನೆಲುಬು. ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ ತೂತಾದರೆ ಗಾಡಿ ನಡು ಮುರಿದುಕೊಂಡ ಹಾಗೆ.

ನಮ್ಮಲ್ಲಿ ಜಂಗು ಹಿಡಿಯುವ ಜಾಗ ಒಂದಿದೆ, ಅದಕ್ಕೆ ಕಾರಣ ಎರೆಮಣ್ಣು. ಮಳೆಗಾಲದಲ್ಲಿ ಮೆತ್ತಿದ ಎರೆ ಗಾಲಿಯ ಕಮಾನಿನೊಳಗೆ, ಬಾಗಿಲ ಕೆಳಗಿನ ಪಟ್ಟಿಯ ಸಂದಿಯಲ್ಲಿ ಕೂತುಬಿಡುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿ ಹಿಡಿದಿರುತ್ತದೆ. ಆದ್ದರಿಂದ ಮೊದಲ ದಿನ ಎಂಜಿನ್ನಿಗೆ ಕೈ ಹಾಕಬೇಡಿ. ಬೋರಿನ ಪೈಪು ಹಿಡಿದು ಅಡಿಯಲ್ಲೆಲ್ಲ ತೊಳೆಯಿರಿ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋಗಿ. ಟಣ್ ಎಂದರೆ ತಗಡು, ಡಬ್ ಎಂದರೆ ಜಂಗು. ಎಲ್ಲ ಕಡೆ ಡಬ್ ಎಂದರೆ ಮಾತ್ರ ಗುಜರಿಯವನನ್ನು ಕರೆಯಿರಿ. ಅಷ್ಟು ಸುಳ್ಳು ಆಸೆ ನಾನು ಹುಟ್ಟಿಸುವುದಿಲ್ಲ.

ನಾನು ಮಾಡಿದ ದಡ್ಡತನ ಕೇಳಿ. ಬಂದ ಮೊದಲ ದಿನವೇ ಹೊಸ ಬ್ಯಾಟರಿ ಹಾಕಿ ಚಾವಿ ತಿರುವಿದೆ. ಕೊಟರ್ ಎಂದು ನಿಂತಿತು. ಹನ್ನೆರಡು ವರ್ಷ ಮಲಗಿದವನನ್ನು ಕಿವಿ ಹಿಡಿದು ಎಬ್ಬಿಸಿದ ಹಾಗೆ. ಒಳಗೆ ಪಿಸ್ಟನ್ನಿನ ರಿಂಗು ಸಿಲಿಂಡರಿನ ಗೋಡೆಗೆ ಅಂಟಿಕೊಂಡಿತ್ತು. ಮಾವ ಹೋಗಿ ಮಿಸ್ತ್ರಿಯನ್ನು ಕರೆತಂದರು. ಮುದ್ದೇಬಿಹಾಳದಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿ, ಈಗ ಸಿಂದಗಿಯಲ್ಲಿ ಮಗಳ ಮನೆಯಲ್ಲಿರುವ ಮುದುಕ. ಬಂದವರು ಬಾನೆಟ್ ಎತ್ತಲಿಲ್ಲ. ಮೊದಲು ಬ್ಯಾಟರಿಯ ವಾಯರ್ ಕಿತ್ತು ಕೈಗೆ ಕೊಟ್ಟರು. "ತಮ್ಮಾ, ಬಿಚ್ಚೂದು ಹುಡುಗಾಟ, ಜೋಡಸೂದು ಸಂಸಾರ. ಗಡಿಬಿಡಿ ಇದ್ರ ಬೆಂಗಳೂರಿಗೆ ಹೋಗು" ಅಂದರು.

ಆಮೇಲೆ ನಾಲ್ಕೂ ಪ್ಲಗ್ ಬಿಚ್ಚಿಸಿದರು. ಪ್ರತಿ ತೂತಿಗೆ ಒಂದೊಂದು ಚಹಾದ ಚಮಚ ಡೀಸೆಲ್ಲು, ಅಷ್ಟೇ ಎಂಜಿನ್ ಎಣ್ಣೆ ಬಿಡಿಸಿ, ಬಟ್ಟೆ ಮುಚ್ಚಿ, ಹೋಗಿಬಿಟ್ಟರು. ನಾಲ್ಕು ದಿನ ಪತ್ತೆ ಇಲ್ಲ! ಐದನೇ ದಿನ ಬಂದು, ಪ್ಲಗ್ ಇಲ್ಲದೆಯೇ ಗಾಡಿಯನ್ನು ಮೇಲಿನ ಗೇರಿಗೆ ಹಾಕಿಸಿ, ಮೆಲ್ಲಗೆ ಹಿಂದೆ ಮುಂದೆ ತಳ್ಳಿಸಿದರು. ಮೂರನೇ ಸಲಕ್ಕೆ ಎಂಜಿನ್ನು ಉಸಿರು ಬಿಟ್ಟಿತು. ಒಂದು ಪೈಸೆ ಖರ್ಚಾಗಲಿಲ್ಲ. ಇದೇ ಕೆಲಸಕ್ಕೆ ನಗರದ ಒಂದು ಗ್ಯಾರೇಜು, ಹೆಸರು ಬೇಡ, ಎಂಜಿನ್ನು ಪೂರಾ ಇಳಿಸಬೇಕು ಎಂದು ಫೋನಿನಲ್ಲೇ ಬೆಲೆ ಹೇಳಿತ್ತು.

ಬಿಚ್ಚಿದ ಪ್ಲಗ್ ಒರೆಸಿ ನೋಡಿದರೆ ಅದರ ಮೇಲೆ ಮೈಕೋ ಎಂಬ ಹೆಸರು. 1951ರಲ್ಲಿ ಆರಂಭವಾದ ಬೆಂಗಳೂರಿನ ಆಡುಗೋಡಿಯ ಮೈಕೋ. 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಕಾರು ಮುಂಬೈಯದಾದರೇನು, ಅದರ ಕಿಡಿ ನಮ್ಮದೇ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಮಿಸ್ತ್ರಿಗೆ ಹೇಳಿದೆ. ಅವರಿಗೆ ಅದು ಗೊತ್ತೇ ಇತ್ತು, ತಲೆ ಎತ್ತಲಿಲ್ಲ.

ಸಣ್ಣ ಸಾಮಾನುಗಳನ್ನು ಬಿಚ್ಚಿದ ಕ್ರಮದಲ್ಲೇ ತಾಟಿನಲ್ಲಿ ಜೋಡಿಸಿಡಿ. ನಾನು ಅತ್ತೆಯ ಮೂರು ಊಟದ ತಾಟು ಹಾಳು ಮಾಡಿ ಬೈಸಿಕೊಂಡೆ. ಆದರೂ ಕಾರ್ಬ್ಯುರೇಟರಿನ ಜೆಟ್ ಒಂದು ಕಳೆದುಹೋಯಿತು. ಜೋಳದ ಕಾಳಿಗಿಂತ ತುಸು ದೊಡ್ಡ ಹಿತ್ತಾಳೆ ಚೂರು. ಅದಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದೆ. ಇನ್ನೊಂದು ಸಲ ಪ್ಲಗ್ಗಿನ ವಾಯರುಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಹಾಕಿದೆ. ಸೈಲೆನ್ಸರ್ ಗುಂಡು ಹಾರಿಸಿದಂತೆ ಸಿಡಿಯಿತು, ಓಣಿಯ ನಾಯಿಗಳೆಲ್ಲ ಓಡಿದವು. ಈ ಎಂಜಿನ್ನು ಹೊತ್ತುವ ಸರದಿ ಒಂದು, ಮೂರು, ನಾಲ್ಕು, ಎರಡು. ಅದನ್ನು ಮಿಸ್ತ್ರಿ ಮಗ್ಗಿಯ ಹಾಗೆ ನನ್ನಿಂದ ಹೇಳಿಸಿದರು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹವ್ಯಾಸ ಎಂದು ಜೀವ ಕಳೆದುಕೊಳ್ಳಬೇಡಿ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಒಂದು ಕ್ಷಣವೂ ತೂರಬೇಡಿ. ಸುಮಾರು 900 ಕೆ.ಜಿ. ಇದೆ ಅದು. ದಪ್ಪ ಕಟ್ಟಿಗೆಯ ದಿಮ್ಮಿ ಕೊಟ್ಟು, ಅಲುಗಿಸಿ ನೋಡಿ, ಆಮೇಲೆ ಮಲಗಿ. ಇಟ್ಟಿಗೆ ಕೊಡಬೇಡಿ, ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತದೆ. ಪೆಟ್ರೋಲ್ ಟಾಕಿ ತೂತಾಗಿದ್ದರೆ ಖಾಲಿ ಇದೆ ಎಂದು ವೆಲ್ಡಿಂಗಿಗೆ ಒಯ್ಯಬೇಡಿ. ಖಾಲಿ ಟಾಕಿಯಲ್ಲಿ ಉಳಿದ ಆವಿಯೇ ಬಾಂಬು. ಹಳೆಯ ಬ್ರೇಕ್ ಲೈನರಿನಲ್ಲಿ ಕಲ್ನಾರು ಇರುವುದುಂಟು, ಆ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಬ್ರೇಕಿನ ಕೆಲಸ ನೀವೇ ಮಾಡಿದರೂ ಬಲ್ಲವರು ನೋಡಿ ಹೂಂ ಅನ್ನುವವರೆಗೆ ಗಾಡಿ ಗೇಟು ದಾಟಕೂಡದು. ನಾಲ್ಕು ಗಾಲಿಗೂ ಡ್ರಮ್ ಬ್ರೇಕು, ಒಂದೇ ಎಣ್ಣೆಯ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ. ನಾನು ಪೇಟೆಯಿಂದ ತಂದ ಅಗ್ಗದ ರಬ್ಬರ್ ಕಪ್ಪು ಎರಡೇ ವಾರದಲ್ಲಿ ಉಬ್ಬಿ ಕೂತವು. ಪುಣ್ಯಕ್ಕೆ ಗಾಡಿ ಹಿತ್ತಲಲ್ಲೇ ಇತ್ತು, ಗುದ್ದಿದ್ದು ಬಣವೆಗೆ.

ಬಣ್ಣ ಎಲ್ಲಕ್ಕಿಂತ ಕೊನೆಗೆ. ನಮ್ಮ ಹುಡುಗರು ಮೊದಲು ಬಣ್ಣ ಹೊಡೆಸಿ, ಫೋಟೋ ಹಾಕಿ, ಆಮೇಲೆ ಎಂಜಿನ್ನಿನ ಚಿಂತೆ ಮಾಡುತ್ತಾರೆ. ಸತ್ತವನಿಗೆ ಜರತಾರಿ ರುಮಾಲು ಯಾತಕ್ಕೆ? ಇನ್ನು ಕೆಲವರು ಬೇರೆ ಕಂಪನಿಯ ಡೀಸೆಲ್ ಎಂಜಿನ್ನು ತುರುಕಿಸುತ್ತಾರೆ. ಆರ್‌ಸಿಯಲ್ಲಿ ಬರೆದದ್ದಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಡೆಯುತ್ತದೆ. ಕಾಯಿದೆ ಬಿಡಿ, ಹಾಗೆ ಮಾಡಿದರೆ ಅದು ನಿಮ್ಮ ಅಜ್ಜನ ಗಾಡಿಯಾಗಿ ಉಳಿಯಿತೇ?

ಈಗ ನಮ್ಮ ಪತ್ರಿಕೆ ಓದುವವರು ಕಿವಿ ನಿಮಿರಿಸಬೇಕಾದ ವಿಷಯಕ್ಕೆ ಬರುತ್ತೇನೆ. ಈ ಕಾರಿನ ಪುಸ್ತಕ ಇಂಗ್ಲಿಷಿನಲ್ಲಿದೆ. ನಮ್ಮ ಮಿಸ್ತ್ರಿ ಅದನ್ನು ಓದಿದವರಲ್ಲ. ಆದರೆ ಆ ಪುಸ್ತಕದಲ್ಲಿರುವುದೆಲ್ಲ, ಇಲ್ಲದ್ದೂ ಕೂಡ, ಅವರ ಬಾಯಲ್ಲಿ ಕನ್ನಡದಲ್ಲಿದೆ. ಯಾವ ಕನ್ನಡ? ಪಾನಾ, ಪಾಟಾ, ಜಂಗು, ಪ್ಯಾಕಿಂಗು, ವಾಲು, ಪಕ್ಕಡ ಎಂಬ ಕನ್ನಡ. ಮರಾಠಿ ಬಂದಿದೆ, ಉರ್ದು ಬಂದಿದೆ, ಇಂಗ್ಲಿಷು ಬಂದಿದೆ. ಬಂದು ನಮ್ಮ ವ್ಯಾಕರಣದ ನೊಗಕ್ಕೆ ಹೆಗಲು ಕೊಟ್ಟಿವೆ. ನಡುವೆ ಚಕ್ಕಡಿಯ ಕಾಲದ ಗಾಲಿ, ಅಚ್ಚು, ಕೀಲೆಣ್ಣೆ ಹಾಗೇ ಉಳಿದಿವೆ. ಗ್ರೀಸಿಗೆ ಅವರು ಕೀಲೆಣ್ಣೆ ಅಂದಾಗ ನಾನು ಬೆರಗಾದೆ. ಮುಂದಿನ ಗಾಲಿಯ ಕಿಂಗ್‌ಪಿನ್ನಿಗೆ ಗ್ರೀಸು ತುಂಬುತ್ತ "ಎತ್ತಿನ ಬಂಡಿಗೆ ಹ್ಯಾಂಗೋ ಹಂಗ, ಕೀಲೆಣ್ಣೆ ಬಿಟ್ಟರ ಒದರೂದಿಲ್ಲ" ಎಂದರು. ಪುಸ್ತಕದಲ್ಲಿ ಎರಡು ಪುಟ ಇದ್ದದ್ದು ಒಂದು ಮಾತಿನಲ್ಲಿ ತಲೆಗೆ ಹೋಯಿತು.

ಪಾರಿಭಾಷಿಕ ಪದಕೋಶ ಎಂದು ನಾವು ಸಂಸ್ಕೃತದ ಗುಡ್ಡ ಕಡಿದು ಪದ ಹುಟ್ಟಿಸುತ್ತೇವೆ. ಅಂತರ್ದಹನ ಯಂತ್ರ ಎಂದು ಬರೆದರೆ ಯಾವ ಗ್ಯಾರೇಜಿನವನಿಗೆ ತಿಳಿಯುತ್ತದೆ? ನೂರಾರು ಪದ ಆ ಮಿಸ್ತ್ರಿಗಳ ಬಾಯಲ್ಲಿ ತಯಾರಾಗಿ ಕೂತಿವೆ, ಬರೆದುಕೊಳ್ಳುವವರಿಲ್ಲ. ಎಂಜಿನ್ನಿನ ಸದ್ದಿಗೇ ಎಷ್ಟು ಹೆಸರು ಅವರಲ್ಲಿ! ಕಟಕಟ ಅಂದರೆ ಟ್ಯಾಪೆಟ್ಟು, ಧಡಧಡ ಅಂದರೆ ಕೆಳಗಿನ ಬೇರಿಂಗು, ಸುಂಯ್ ಅಂದರೆ ಬೆಲ್ಟು. ಇದು ವೈದ್ಯ ನಾಡಿ ಹಿಡಿಯುವ ವಿದ್ಯೆ. ಹೊಸ ಕಾರಿಗೆ ಕಂಪ್ಯೂಟರ್ ಸಿಕ್ಕಿಸಿ ದೋಷ ಓದುತ್ತಾರೆ, ಆ ಹುಡುಗನಿಗೆ ಸದ್ದು ಕೇಳುವ ಅಗತ್ಯವೇ ಇಲ್ಲ. ಅವನದು ತಪ್ಪಲ್ಲ. ಆದರೆ ಕಿವಿಯಿಂದ ಕಾರು ಓದುವ ತಲೆಮಾರು ನಮ್ಮ ಕಣ್ಣೆದುರಿಗೇ ಮುಗಿಯುತ್ತಿದೆ. ನನ್ನ ಮಿಸ್ತ್ರಿಯ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಪಾನಾಗಳ ಪೆಟ್ಟಿಗೆ ಮಂಚದ ಕೆಳಗಿದೆ. ಕಾಯಕ ಎಂಬ ಪದವನ್ನು ಬಾಗೇವಾಡಿಯಲ್ಲಿ ಕಮಾನಿನ ಮೇಲೆ ಬೇಕಾದಷ್ಟು ದೊಡ್ಡದಾಗಿ ಬರೆಯುತ್ತೇವೆ, ಕಾಯಕ ಮಾಡಿದವನ ಪೆಟ್ಟಿಗೆಗೆ ವಾರಸುದಾರರಿಲ್ಲ.

ನಿಮ್ಮ ಕೈಯಲ್ಲಿ ಮೊಬೈಲಿದೆ. ಮಿಸ್ತ್ರಿ ಮಾತಾಡುವುದನ್ನು ಹಿಡಿದಿಡಿ. ಅವರ ಒಪ್ಪಿಗೆ ಕೇಳಿ, ಕೂಲಿ ಕೊಟ್ಟು ಹಿಡಿದಿಡಿ. ಹಿರಿಯರೆಂದು ಪುಕ್ಕಟೆ ಕಲಿಯುವುದು ಬೇಡ.

ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆರ್‌ಸಿ ಅಜ್ಜನ ಹೆಸರಿನಲ್ಲೇ ಇದೆಯೇ? ಅಜ್ಜ ಇಲ್ಲವೇ? ವಾರಸುದಾರರ ಹೆಸರಿಗೆ ಮಾಡಿಸಲು ನಮೂನೆ 31. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ಅದಕ್ಕೆ ನಮೂನೆ 25. 600 ರೂಪಾಯಿ ಇದ್ದ ಈ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 5,000 ಮಾಡಿದರು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಹಳೆ ಗಾಡಿ ಇಟ್ಟವರೆಲ್ಲ ಸಾಹುಕಾರರು ಎಂದು ದಿಲ್ಲಿಯವರು ತಿಳಿದಂತಿದೆ! 50 ವರ್ಷ ದಾಟಿದ್ದರೆ ವಿಂಟೇಜ್ ಎಂದು ನೋಂದಾಯಿಸಲು 2021ರ ನಿಯಮ ಇದೆ, 20,000 ರೂಪಾಯಿ. ಆದರೆ ಹಾಗೆ ಮಾಡಿಸಿದರೆ ದಿನನಿತ್ಯ ಓಡಿಸುವಂತಿಲ್ಲ. ಇಷ್ಟೆಲ್ಲ ಆದರೂ ಗುಜರಿಗೇ ಹಾಕುತ್ತೀರಾದರೆ ಒಂದು ಮಾತು: ಗಾಡಿ ಒಡೆಸಿದ ಸುದ್ದಿಯನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇಲ್ಲದಿದ್ದರೆ ನಿಮ್ಮ ಅಜ್ಜನ ನಂಬರಿನ ಫಲಕ ಯಾವ ಗಾಡಿಯ ಮೇಲೆ ಎಲ್ಲಿ ತಿರುಗುತ್ತದೋ ಹೇಳಲಾಗದು.

ಪೆಟ್ರೋಲಿನ ಸಂಗತಿ ವಿಚಿತ್ರವಾಗಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರ ತನಕ ಎಥೆನಾಲು. ಕೃಷ್ಣೆ-ಭೀಮೆಯ ದಂಡೆಯ ಕಬ್ಬೂ ಅದರಲ್ಲಿದೆ. ನಮ್ಮದೇ ಕಬ್ಬು ನಮ್ಮದೇ ಹಳೆ ಕಾರಿನ ರಬ್ಬರ್ ಪೈಪು ತಿನ್ನುತ್ತದೆ! ಎಥೆನಾಲು ನೀರು ಹೀರುತ್ತದೆ, ಟಾಕಿಯೊಳಗಿನ ಹಳೆ ಜಂಗನ್ನು ಸಡಿಲಿಸಿ ಕಾರ್ಬ್ಯುರೇಟರಿಗೆ ತಂದು ಸುರಿಯುತ್ತದೆ. ಹೊಸ ಪೆಟ್ರೋಲಿಗೆ ತಾಳುವ ಪೈಪು ಕೇಳಿ ತನ್ನಿ, ಪಂಪಿನ ಪೊರೆ ಬದಲಿಸಿ, ಟಾಕಿ ಇಳಿಸಿ ತೊಳೆಯಿರಿ, ನಡುವೆ ಒಂದು ಸಣ್ಣ ಫಿಲ್ಟರ್ ಹಾಕಿ. ತಿಂಗಳುಗಟ್ಟಲೆ ಓಡಿಸುವುದಿಲ್ಲವಾದರೆ ಟಾಕಿಯಲ್ಲಿ ಪೆಟ್ರೋಲು ಬಿಡಬೇಡಿ.

ಹಳೆ ಕಾರು ಹೊಗೆ ಉಗುಳುತ್ತದಲ್ಲ ಎಂದು ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ಹೌದು, ಉಗುಳುತ್ತದೆ. ಹೊಸ ಕಾರಿನಷ್ಟು ಅದು ಶುದ್ಧವಲ್ಲ, ಅಪಘಾತವಾದರೆ ನಿಮ್ಮನ್ನು ಕಾಯುವ ಗಾಳಿಚೀಲವೂ ಅದರಲ್ಲಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದಿನಾ ಆಫೀಸಿಗೆ ಓಡಿಸಿ ಎಂದು ನಾನು ಹೇಳುತ್ತಿಲ್ಲ. ಸೊಲ್ಲಾಪುರದ ಹೆದ್ದಾರಿಯಲ್ಲಿ ಲಾರಿಗಳ ಜತೆ ಪಂದ್ಯ ಕಟ್ಟಿ ಎಂದೂ ಹೇಳುತ್ತಿಲ್ಲ. ವರ್ಷಕ್ಕೆ ಹತ್ತು ದಿನ, ಹೊಗೆ ತಪಾಸಣೆಯ ಚೀಟಿ ಇಟ್ಟುಕೊಂಡು, ಊರಿಂದ ಹೊಲಕ್ಕೆ, ಹೊಲದಿಂದ ಜಾತ್ರೆಗೆ. ಅಷ್ಟು ಓಡಿದರೆ ಎಂಜಿನ್ನೂ ಜೀವಂತ, ವಿದ್ಯೆಯೂ ಜೀವಂತ.

ನನ್ನ ಮಾವ ಮೊದಲ ಸಲ ಗಾಡಿ ಚಾಲೂ ಆದಾಗ ಏನೂ ಅನ್ನಲಿಲ್ಲ. ಒಳಗೆ ಹೋಗಿ ಅಂಗಿ ಬದಲಿಸಿ ಬಂದರು. ಮುಂದಿನ ಸೀಟಿನಲ್ಲಿ ಕೂತು "ನಡಿ" ಎಂದರು. ಮಿಸ್ತ್ರಿ ಹಿಂದೆ ಕೂತರು, ಕೋಳಿಯ ಜಾಗದಲ್ಲಿ.

ಬರುವ ಎಳ್ಳಮಾವಾಸ್ಯೆಗೆ ಊರಿಗೆ ಹೋಗುತ್ತೀರಲ್ಲ? ಚರಗ ಚೆಲ್ಲಿ ಊಟವಾದ ಮೇಲೆ ಮಧ್ಯಾಹ್ನ ಖಾಲಿ ಇರುತ್ತದೆ. ತಾಡಪತ್ರಿ ತೆಗೆಯಿರಿ. ಬ್ಯಾಟರಿಗೆ ಕೈ ಹಾಕಬೇಡಿ. ನಾಲ್ಕು ಪ್ಲಗ್ ಬಿಚ್ಚಿ, ಡೀಸೆಲ್ಲು-ಎಣ್ಣೆ ಬಿಡಿ, ಬಟ್ಟೆ ಮುಚ್ಚಿ. ಆಮೇಲೆ ಊರಲ್ಲಿ ಹಳೇ ಫಿಯೆಟ್ ಬಲ್ಲ ಮಿಸ್ತ್ರಿ ಯಾರಿದ್ದಾರೆಂದು ಅಪ್ಪನನ್ನು ಕೇಳಿ, ಹೋಗಿ ಅವರ ಮನೆಯಲ್ಲಿ ಒಂದು ಕಪ್ಪು ಚಹಾ ಕುಡಿದು ಬನ್ನಿ.